ಕಡಲಿಗಿಳಿದ ಘಟ್ಟ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವಷ್ಟರಲ್ಲಿ ಸುಮಾರು 600 ಮೀಟರ್ ಕೆಳಗೆ ಬಂದಿರುತ್ತೇವೆ. ಬೆಟ್ಟ ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ. ಕಾರವಾರಕ್ಕೆ ಹೋದರೆ ಅದು ಮುಗಿದಿಲ್ಲವೆಂಬುದು ಕಾಣುತ್ತದೆ: ಘಟ್ಟದ ಚಾಚುಗಳು ಕಡಲಿಗೇ ಇಳಿದು, ಕೂರ್ಮಗಡ, ದೇವಗಡಗಳಾಗಿ ನೀರಿನಿಂದ ಮತ್ತೆ ತಲೆ ಎತ್ತಿವೆ. ಗೋವಾದ ಆಡಳಿತಕ್ಕೆ ಸೇರಿದ ಅಂಜದೀವವೂ ಇವುಗಳ ಸಾಲಿನದೇ. ಈ ದ್ವೀಪಗಳ ಹುಟ್ಟನ್ನು ಹುಡುಕಬೇಕಾದದ್ದು ಘಟ್ಟದ ಮೇಲೆ, ನಮ್ಮ ಜಲಪಾತಗಳ ಅಂಚಿನಲ್ಲಿ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ಪಡುವಣ ಕಡಲಿರಲಿಲ್ಲ. ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ನೆಲ ಸೀಳಿ ಅದು ದೂರ ಸರಿಯಿತು. ಸೀಳಿನಲ್ಲಿ ಲಾವಾ ಉಕ್ಕಿತು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳು ಆ ಲಾವಾ ತಣಿಯುತ್ತ, ಕುಗ್ಗುತ್ತ, ಬಿರುಕುಬಿಟ್ಟು ಆದವು. ಅವುಗಳ ವಯಸ್ಸು ಮಡಗಾಸ್ಕರಿನ ಜ್ವಾಲಾಮುಖಿ ಶಿಲೆಗಳ ವಯಸ್ಸಿಗೆ ಹೊಂದುತ್ತದೆ. ಉತ್ತರ ಕನ್ನಡದ ತಳದ ಬಂಡೆಗಳು ಇದಕ್ಕಿಂತ ಎಷ್ಟೋ ಹಳೆಯವು, 250 ಕೋಟಿ ವರ್ಷ ದಾಟಿದವು. ಹಳೆಯ ಕಲ್ಲನ್ನು ಹೊಸ ಅಂಚು ಕತ್ತರಿಸಿತು.

ಆ ಅಂಚು ಮೊದಲು ಈಗಿನ ಕರಾವಳಿಯ ಹತ್ತಿರವೇ, ಪ್ರಾಯಶಃ ಇನ್ನೂ ಪಶ್ಚಿಮಕ್ಕೆ ಇತ್ತು, ಮಳೆ ಮತ್ತು ಹೊಳೆಗಳು ಕೊರೆಕೊರೆದು ಅದನ್ನು ಪೂರ್ವಕ್ಕೆ ಸರಿಸಿದವು ಎಂಬುದು ಅನೇಕ ಭೂವಿಜ್ಞಾನಿಗಳ ವಿಚಾರ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಅಘನಾಶಿನಿ, ಜೋಗದಲ್ಲಿ 253 ಮೀಟರ್ ಇಳಿಯುವ ಶರಾವತಿ ಈಗಲೂ ಮಾಡುತ್ತಿರುವ ಕೆಲಸ ಅದೇ. ಮೆದುವಾದದ್ದು ಕರಗಿ ಹೋಯಿತು, ಗಟ್ಟಿಯಾದದ್ದು ಗುಡ್ಡವಾಗಿ ಉಳಿಯಿತು.

ಗುಡ್ಡ ದ್ವೀಪವಾದದ್ದು ತೀರಾ ಈಚೆಗೆ. ಸುಮಾರು 20,000 ವರ್ಷಗಳ ಹಿಂದೆ, ಧ್ರುವಗಳ ಕಡೆ ಹಿಮ ದಟ್ಟವಾಗಿದ್ದಾಗ, ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಮುರ್ಡೇಶ್ವರದೆದುರಿನ ನೇತ್ರಾಣಿಗೆ ಆಗ ಕಾಲ್ನಡಿಗೆಯಲ್ಲೇ ಹೋಗಬಹುದಿತ್ತು! ಹಿಮ ಕರಗಿತು, ನೀರು ಏರಿತು, ಕಣಿವೆಗಳು ಮುಳುಗಿದವು, ನೆತ್ತಿಗಳು ಉಳಿದವು. ನಮ್ಮ ಹೊಳೆಗಳ ಅಗಲವಾದ ಅಳಿವೆಗಳೂ ಹೀಗೆ ಉಪ್ಪುನೀರು ಹೊಕ್ಕ ಹಳೆಯ ಕಣಿವೆಗಳೇ.

ಆಮೇಲಿನ ಕೆತ್ತನೆ ತೆರೆಗಳದ್ದು. ಅಪ್ಪಳಿಸುವ ತೆರೆ ಬಿರುಕಿನೊಳಗಿನ ಗಾಳಿಯನ್ನು ಒತ್ತುತ್ತದೆ, ಹಿಂದೆಗೆಯುವಾಗ ಸಡಿಲಿಸುತ್ತದೆ. ಒಣಗಿದ ಉಪ್ಪು ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ. ಬುಡ ಸವೆದಂತೆ ಮೇಲಿನ ದರೆ ಉರುಳುತ್ತದೆ. ಗೋಕರ್ಣದ ದಕ್ಷಿಣಕ್ಕೆ ಓಂ ಕಡಲತೀರದ ಬಂಡೆಮೂತಿಗಳನ್ನು ಮಳೆಗಾಲದಲ್ಲಿ ನೋಡಬೇಕು. ಹೊನ್ನಾವರದೆದುರಿನ ಬಸವರಾಜದುರ್ಗದ ನೋಟ ಬೇರೆ: ಚಿರೇಕಲ್ಲಿನ ಚಪ್ಪಟೆ ನೆತ್ತಿ, ಸುತ್ತ ಕಡಿದಾದ ಅಂಚು. ಅಲ್ಲಿ ಕೋಟೆ ಕಟ್ಟಿದವರಿಗೆ ಅರ್ಧ ಗೋಡೆಯನ್ನು ಕಡಲೇ ಮಾಡಿಕೊಟ್ಟಿತ್ತು.

ಘಟ್ಟದ ಅಂಚು ಹಿಂದೆ ಸರಿಯುವುದು ನಿಂತಿಲ್ಲ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ಅಡಿಕೆ ತೋಟ, ಮನೆ, ರಸ್ತೆ ಹೋದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜನರ ಮೇಲೆ ಬಿದ್ದು ಗಂಗಾವಳಿಗೆ ನುಗ್ಗಿತು. ಬೇಡ್ತಿಯೇ ಅಲ್ಲಿ ಗಂಗಾವಳಿ. ಕೋಟಿ ವರ್ಷಗಳ ಸವೆತ ಯಾರ ತಪ್ಪೂ ಅಲ್ಲ, ಆದರೆ ಬುಡ ಕಡಿದ ಇಳಿಜಾರು ಆ ಲೆಕ್ಕಕ್ಕೆ ಸೇರುವುದಿಲ್ಲ. ಘಟ್ಟದಲ್ಲಿ ಮುಂದಿನ ರಸ್ತೆ ಅಗಲವಾಗುವ ಮುನ್ನ, ಆ ದರೆ ಎಷ್ಟು ನೀರು ಕುಡಿದರೆ ಜರಿಯುತ್ತದೆಂದು ಅಳೆದು, ಅದರ ಕೆಳಗೆ ಮನೆ ಇರುವವರಿಗೆ ತಿಳಿಸಲೇಬೇಕು.