ಸಂಕವೂ ಸೇತುವೂ: ಹೊತ್ತು ತರುವ ಸೇತುವೆಗಳ ದ್ರವ್ಯವಿಚಾರ

ನೀರನ್ನು ದಾಟಿಸುವ ಸಾಧನಕ್ಕೆ ನಮ್ಮಲ್ಲಿ ಸೇತುವೆ, ಸಂಕ ಎಂದು ಎರಡು ಹೆಸರುಗಳುಂಟು. ಸೇತು ಶಬ್ದವು ಕಟ್ಟುವುದೆಂಬ ಅರ್ಥದ ಧಾತುವಿನಿಂದ ಬಂದುದು, ಒಡ್ಡಿಗೂ ಸಲ್ಲುವುದು. ಸಂಕವಾದರೋ ಸಂಕ್ರಮದ ತದ್ಭವ. ದಾಟುವಿಕೆಯೇ ಅದರ ಅರ್ಥ. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿರುವ ಬೆಳ್ಮಣ್ಣಿನ ಸೀಮೆಯಲ್ಲಿ, ಕರಾವಳಿಯ ಇತರ ಕಡೆಗಳಲ್ಲಿಯೂ, ಮಳೆಗಾಲದ ತೋಡಿಗೆ ಅಡಕೆಮರವನ್ನು ಅಡ್ಡಹಾಕಿದರೆ ಅದನ್ನು ಸಂಕವೆನ್ನುವರೇ ಹೊರತು ಸೇತುವೆಯೆನ್ನರು. ಈ ಭೇದವು ಸಾರ್ಥಕವಾದುದು. ನೆಲೆನಿಂತ ಸೇತುವೆಗೆ ಸ್ವಂತ ಭಾರವು ಅಷ್ಟೇನೂ ದೋಷವಲ್ಲ. ಹೊತ್ತು ತಂದು ಹಾಕತಕ್ಕ ಸಂಕಕ್ಕೆ ಅದೇ ಮೊದಲನೆಯ ಶತ್ರು.

ಕಾಲ್ನಡೆಗೆ ಅಡಕೆಮರ ಸಾಕು, ಲಾರಿಗೆ ಸಾಲದು. 1940-41ರಲ್ಲಿ ಡೊನಾಲ್ಡ್ ಬೈಲಿ ಎಂಬ ಆಂಗ್ಲ ಎಂಜಿನಿಯರು ಕಲ್ಪಿಸಿದ ಉಕ್ಕಿನ ಸೇತುವೆಯಲ್ಲಿ ಒಂದೊಂದು ಚೌಕಟ್ಟು 10 ಅಡಿ ಉದ್ದ, 570 ಪೌಂಡು ತೂಕ. ಆರು ಮಂದಿಯ ತೋಳ್ಬಲವೇ ಇಲ್ಲಿ ಅಳತೆಗೋಲು. 2024ನೆಯ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಚೂರಲ್‌ಮಲದ ಸೇತುವೆ ಕೊಚ್ಚಿಹೋದಾಗ, ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಈ ಬಗೆಯ 190 ಅಡಿಯ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಅದು 24 ಟನ್ ಭಾರವನ್ನು ಹೊರಬಲ್ಲುದು. ಆದರೆ ಅದರ ಉಕ್ಕೆಲ್ಲವೂ ದೂರದಿಂದ ವಿಮಾನದಲ್ಲಿಯೂ ಲಾರಿಗಳಲ್ಲಿಯೂ ಬರಬೇಕಾಯಿತು. ಮಣ್ಣಿನಡಿಯಲ್ಲಿ ಜನರಿರುವಾಗ ಒಂದೊಂದು ಗಳಿಗೆಯ ಬೆಲೆ ಎಷ್ಟೆಂದು ಹೇಳಬೇಕಾದುದಿಲ್ಲ.

ಈ ಭಾರವನ್ನು ಇಳಿಸುವ ಉಪಾಯವೇ ಸಂಯುಕ್ತ ದ್ರವ್ಯಗಳು. ಒಂದು ಘನಮೀಟರು ಉಕ್ಕು ಸುಮಾರು 7850 ಕಿಲೋಗ್ರಾಂ ತೂಗುವುದು. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಗಟ್ಟಿಮಾಡಿದ ದ್ರವ್ಯ ಸುಮಾರು 1900. ಇಂಗಾಲದ ನಾರಿನದು 1600. ಇದು ತೀರ ಹೊಸ ತತ್ತ್ವವೇನಲ್ಲ. ಅಡಕೆಮರದಲ್ಲಿಯೂ ಗಟ್ಟಿಯಾದ ನಾರುಗಳು ಮೆತ್ತನೆಯ ತಿರುಳಿನೊಳಗೆ ಉದ್ದಕ್ಕೆ ಹಬ್ಬಿ ಬಾಗುವಿಕೆಯನ್ನು ತಡೆಯುತ್ತವೆ. ಆ ಮರವು ಉದ್ದಕ್ಕೆ ಸುಲಭವಾಗಿ ಸೀಳುವುದೂ ಅದೇ ಕಾರಣದಿಂದಲೇ. ಸಂಯುಕ್ತ ದ್ರವ್ಯದ ದೌರ್ಬಲ್ಯವೂ ಇದೇ: ನಾರಿನ ದಿಕ್ಕಿನಲ್ಲಿ ಬಲ, ಅಡ್ಡಕ್ಕೆ ಬಲಹೀನತೆ. ನಾರನ್ನು ಹಲವು ದಿಕ್ಕುಗಳಲ್ಲಿ ಹಾಸಿ ಇದನ್ನು ಕಡಮೆ ಮಾಡಬಹುದಾದರೂ, ಚಕ್ರದ ಭಾರವೆಲ್ಲ ಒಂದೆಡೆ ಬೀಳುವಲ್ಲಿ, ಬೋಲ್ಟಿನ ರಂಧ್ರಗಳಲ್ಲಿ, ಹಾನಿ ಮೊದಲಾಗುವುದು. ಆದುದರಿಂದ ಕೀಲುಗಳನ್ನು ಲೋಹದಿಂದಲೇ ಮಾಡುವುದು ಲೇಸು. ಇದಲ್ಲದೆ ಗಾಜಿನ ನಾರಿನ ತೊಲೆಯು ಮುರಿಯದಿದ್ದರೂ ಬಾಗುವುದು ಹೆಚ್ಚು. ಬಾಗದಿರುವ ಗುಣದಲ್ಲಿ ಅದು ಉಕ್ಕಿನ ಐದನೆಯ ಒಂದು ಪಾಲಿನಷ್ಟು ಮಾತ್ರ; ಆದಕಾರಣ ತೊಲೆಯನ್ನು ಎತ್ತರಿಸಬೇಕು, ಎತ್ತರಿಸಿದಷ್ಟೂ ಹಗುರತೆಯ ಲಾಭ ಕರಗುವುದು. ಇಂಗಾಲದ ನಾರು ಈ ಕೊರತೆಯನ್ನು ಬಹುಮಟ್ಟಿಗೆ ನೀಗುವುದು, ಆದರೆ ಬೆಲೆ ಬಹಳ. ಮುಖ್ಯ ತೊಲೆಗಳಿಗೆ ಇಂಗಾಲ, ಹಾಸಿಗೆ ಗಾಜು ಎಂಬ ಹಂಚಿಕೆಯೇ ಯುಕ್ತವೆಂದು ನನಗೆ ತೋರುವುದು.

ಕರಾವಳಿಯ ಉಪ್ಪುಗಾಳಿಯಲ್ಲಿ ಇದು ತುಕ್ಕು ಹಿಡಿಯದು; ಬಿಸಿಲಿಗೆ ಮಾತ್ರ ಬಣ್ಣದ ರಕ್ಷೆ ಬೇಕು. ಉಕ್ಕು ಮೊದಲು ಬಾಗಿ ಎಚ್ಚರಿಸುವುದು. ಇದು ಒಳಪದರ ಬಿಟ್ಟುಕೊಂಡರೂ ಹೊರಗೆ ಕಾಣಿಸದು. ಅದನ್ನು ಕಂಡುಹಿಡಿಯಲು ಯಂತ್ರಗಳಿವೆ. ಅವಿಲ್ಲದೆಡೆ ನಾಣ್ಯದಿಂದ ಮೆಲ್ಲನೆ ತಟ್ಟುತ್ತ ಹೋಗುವರು. ಗಟ್ಟಿಯಿರುವಲ್ಲಿ ನಾದ ಖಣಿಲೆನ್ನುವುದು, ಪದರ ಬಿಟ್ಟಲ್ಲಿ ಮಂಕಾಗುವುದು.