ಮಗನ ಇಲಿ, ಅಪ್ಪನ ಮಣಿಕಟ್ಟು

ಕೂಟದ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿ ಮೂರು ತಿಂಗಳಾಯ್ತು. ಕಥೆ, ಕವನ ನನ್ನ ಕೈಲಾಗದ ಕೆಲಸ. ಪ್ರವಾಸ ಕಥನ ಬರೆಯೋಣವೆಂದರೆ ಅಬು ಹಲೀಫಾದಿಂದ ಆಫೀಸು, ಆಫೀಸಿನಿಂದ ಅಬು ಹಲೀಫಾ, ಇಷ್ಟೇ ನನ್ನ ಪ್ರವಾಸ. ಹಾಗಾಗಿ ಈ ಸಲ ಒಂದು ಮೌಸಿನ ಬಗ್ಗೆ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮೌಸು. ಅದರಲ್ಲೂ ಬಾಲ ಇರುವ, ಅಂದರೆ ವೈರ್ ಇರುವ, ಹುಡುಗರು ಆಟಕ್ಕೆ ಬಳಸುವ ಗೇಮಿಂಗ್ ಮೌಸು. ನಗಬೇಡಿ, ವಿಷಯ ಸ್ವಲ್ಪ ಗಂಭೀರವಾಗಿಯೇ ಇದೆ.

ನಮ್ಮ ಮನೆಯಲ್ಲಿ ಶುಕ್ರವಾರ ಬೆಳಗಿನ ದೋಸೆ ನನ್ನ ಪಾಲಿನದು. ಒಂದು ಶುಕ್ರವಾರ ದೋಸೆ ಮಗುಚಲು ಹೋದರೆ ಕೈ ತಿರುಗಲಿಲ್ಲ. ಬಲಗೈ ಮಣಿಕಟ್ಟಿನ ಹೊರಬದಿಯಿಂದ ಮೊಣಕೈವರೆಗೆ ತಂತಿ ಎಳೆದ ಹಾಗೆ ನೋವು. ಸಗ್ಗಿ ಕೆಳಗೆ ಬಿತ್ತು, ದೋಸೆ ಕರಕಲಾಯಿತು. "ರೀ, ಇದು ಇವತ್ತಿನದಲ್ಲ. ಒಂದು ತಿಂಗಳಿಂದ ನೀವು ಕಾರಿನ ಬಾಗಿಲು ಎಡಗೈಯಲ್ಲಿ ತೆಗೀತಿದ್ದೀರ" ಅಂದಳು ಹೆಂಡತಿ. ನನಗೇ ಗೊತ್ತಿರದ ಸಂಗತಿ ಅವಳಿಗೆ ಗೊತ್ತಿತ್ತು.

ನನ್ನದು ಸಾಫ್ಟ್‌ವೇರ್ ಕೆಲಸ ಎಂದರೂ ದಿನದ ಮುಕ್ಕಾಲು ಭಾಗ ಚಿತ್ರ ಬರೆಯುವುದೇ ಆಗಿದೆ. ತೈಲ ಘಟಕಗಳ ಕಂಟ್ರೋಲ್ ರೂಮಿನಲ್ಲಿ ಆಪರೇಟರುಗಳು ದಿನವಿಡೀ ನೋಡುವ ಪರದೆಗಳಿವೆಯಲ್ಲ, ಅದರಲ್ಲಿನ ಪಂಪು, ವಾಲ್ವು, ಟ್ಯಾಂಕು, ನಡುವಿನ ಪೈಪು, ಎಲ್ಲವನ್ನೂ ಒಂದೊಂದಾಗಿ ಎಳೆದು ಜೋಡಿಸಬೇಕು. ಪೈಪಿನ ಗೆರೆ ವಾಲ್ವಿನ ಮೂತಿಗೆ ಒಂದು ಪಿಕ್ಸೆಲ್ ತಪ್ಪಿ ಕೂತರೂ ಕ್ಲೈಂಟ್ ಕಡೆಯವರು ಕೆಂಪು ಸುತ್ತು ಹಾಕಿ ವಾಪಸು ಕಳಿಸುತ್ತಾರೆ. ದಿನಕ್ಕೆ ಎಂಟು ಗಂಟೆ ಮೌಸು ಹಿಡಿದು ಕೂರುವ ಕೆಲಸ.

ನಮ್ಮ ಆಫೀಸಿನಲ್ಲಿ ಕುಂದಾಪುರದ ಹಿರಿಯರೊಬ್ಬರಿದ್ದರು. ಇಪ್ಪತ್ತೆರಡು ವರ್ಷ ಡ್ರಾಫ್ಟಿಂಗ್ ಮಾಡಿದ ಕೈ. ಮೊದಲು ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿತ್ತಂತೆ. ಅವರು ಲೆಕ್ಕಿಸಲಿಲ್ಲ. ಆಮೇಲೆ ಚಹಾದ ಲೋಟ ಕೈಯಿಂದ ಜಾರತೊಡಗಿತು. ಆಪರೇಷನ್ ಆಯಿತು, ಆದರೂ ಮೊದಲಿನ ವೇಗ ಬರಲಿಲ್ಲ, ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಊರಿಗೆ ಹೊರಟ ದಿನ ನನ್ನ ಮೇಜಿನ ಹತ್ತಿರ ಬಂದು, "ಮಾಣಿ, ಕೈ ಜಾಗ್ರತಿ ಮಾರಾಯಾ. ನಂಗಾದ್ದ್ ನಿಂಗ್ ಆಪುಕಾಗ" ಅಂದಿದ್ದರು. ದೋಸೆ ಕರಕಲಾದ ಹೊತ್ತಿನಲ್ಲಿ ನೆನಪಾದದ್ದು ಈ ಮಾತೇ. ನಾನು 18ನೇ ನಂಬರಿನ ವೀಸಾದವನು, ಹೆಂಡತಿ ಮಗ 22ನೇ ನಂಬರಿನವರು. ಒಂದು ಬಿದ್ದರೆ ಉಳಿದೆರಡೂ ಬೀಳುತ್ತವೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಹಾಹೀಲಿನ ಕ್ಲಿನಿಕ್ಕಿನ ಡಾಕ್ಟರು ಎರಡೂ ಅಂಗೈಗಳ ಹಿಂಬದಿ ಒಂದಕ್ಕೊಂದು ತಾಗುವಂತೆ ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಬೆರಳು ಜುಮ್ಮೆನ್ನಲಿಲ್ಲ. ಮಣಿಕಟ್ಟಿನ ಸುರಂಗದಂತಹ ಜಾಗದಲ್ಲಿ ಹಾದುಹೋಗುವ ಮೀಡಿಯನ್ ನರ ಒತ್ತಿಕೊಂಡರೆ ಬರುವುದು ಕಾರ್ಪಲ್ ಟನಲ್; ನಮ್ಮ ಹಿರಿಯರಿಗೆ ಆಗಿದ್ದು ಅದು. ನನ್ನದು ಹಾಗಲ್ಲ, ಬೆರಳು ಮತ್ತು ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುರಜ್ಜುಗಳು ದಣಿದು ಊದಿಕೊಂಡದ್ದು. "ಮಣಿಕಟ್ಟು ಆಡಿಸಬೇಡಿ, ಮೊಣಕೈಯಿಂದ ತೋಳು ಆಡಿಸಿ. ಎರಡು ವಾರ ನೋಡೋಣ, ಕಡಿಮೆಯಾಗದಿದ್ದರೆ ಮುಂದಿನ ಪರೀಕ್ಷೆ" ಅಂದರು. ಯಾವ ಮೌಸು ಒಳ್ಳೆಯದು ಡಾಕ್ಟರ್ ಅಂತ ಕೇಳಿದೆ. "ಅದು ನಿಮ್ಮ ಡಿಪಾರ್ಟ್‌ಮೆಂಟು" ಅಂತ ನಕ್ಕರು.

ಸರಿ, ನಮ್ಮ ಡಿಪಾರ್ಟ್‌ಮೆಂಟೇ ಆದರೆ ಎಂಜಿನಿಯರ್ ಆದವನು ಅಳತೆ ಮಾಡಿಯೇ ನೋಡಬೇಕು. ಪರೀಕ್ಷೆಗೆ ವಸ್ತು ಮನೆಯಲ್ಲೇ ಇತ್ತು. ಮಗನ ಹತ್ತನೇ ಹುಟ್ಟುಹಬ್ಬಕ್ಕೆ ಹವಲ್ಲಿಯ ಇಬ್ನ್ ಖಲ್ದೂನ್ ಬೀದಿಯ ಅಂಗಡಿ ಸಾಲಿನಲ್ಲಿ ಕೊಂಡ ಗೇಮಿಂಗ್ ಮೌಸು, ಒಂಬತ್ತು ದಿನಾರ್ ಒಂಬೈನೂರು ಫಿಲ್ಸ್. (ಕಂಪನಿಯ ಹೆಸರು ಬರೆಯುವುದಿಲ್ಲ, ಹೊಗಳಿದರೆ ಜಾಹೀರಾತು, ತೆಗಳಿದರೆ ಜಗಳ.) "ಎರಡೇ ವಾರ ಪುಟ್ಟ, ಆಮೇಲೆ ವಾಪಸು ಕೊಡ್ತೀನಿ" ಅಂತ ಹೇಳಿ ಇಸ್ಕೊಂಡೆ. ಅವನು ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿದ. ಕ್ಲೈಂಟ್ ಕಡೆಯವರಂತೆಯೇ ಕೆಂಪು ಪೆನ್ನಿನಲ್ಲಿ.

ಅಂದ ಹಾಗೆ, ಮೌಸಿಗೂ ಒಂದು ಚರಿತ್ರೆ ಇದೆ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸು ಒಂದು ಮರದ ಡಬ್ಬಿ. ಕೆಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಚಕ್ರ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಸಭಿಕರ ಮುಂದೆ ತೋರಿಸಿದರು. 1970ರಲ್ಲಿ ಪೇಟೆಂಟ್ ಸಿಕ್ಕಿತು, ಆದರೆ ರಾಯಲ್ಟಿ ಎಂದು ಎಂಗೆಲ್‌ಬಾರ್ಟ್ ಕೈಗೆ ಏನೂ ಬರಲಿಲ್ಲ. ನಮ್ಮ ಕಾಲಕ್ಕೆ ಅದು ರಬ್ಬರ್ ಹೊದಿಕೆಯ ಗುಂಡಿನ ಮೌಸಾಗಿತ್ತು. ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗರು ಆ ಗುಂಡು ಕದ್ದು ಗೋಲಿ ಆಡುತ್ತಿದ್ದರು. ಕ್ಲಾಸು ಮುಗಿದ ಮೇಲೆ ಲ್ಯಾಬಿನವರು ಒಂದೊಂದೇ ಮೌಸನ್ನು ಮಗುಚಿ ಗುಂಡು ಎಣಿಸಿ, ಆಮೇಲೆ ಬಾಗಿಲು ಬಿಡುತ್ತಿದ್ದರು. 1999ರಲ್ಲಿ ಮೈಕ್ರೋಸಾಫ್ಟ್ ಗುಂಡಿಲ್ಲದ, ಬೆಳಕಿನ ಮೌಸನ್ನು ಮಾರುಕಟ್ಟೆಗೆ ತಂದ ಮೇಲೆ ಆ ಎಣಿಕೆಯೂ ತಪ್ಪಿತು. ಈ ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಮೇಜಿನ ಫೋಟೋ ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಮೈಕ್ರೋಸಾಫ್ಟಿನ ಆ ಮೌಸು ಸೆಕೆಂಡಿಗೆ 1500 ಫೋಟೋ ತೆಗೆಯುತ್ತಿತ್ತು. ಗೇಮಿಂಗ್ ಮೌಸುಗಳಲ್ಲಿ ಹೆಸರಾದ ಪಿಕ್ಸ್‌ಆರ್ಟ್ ಕಂಪನಿಯ 3360 ಸೆನ್ಸರ್ 12000 ತೆಗೆಯುತ್ತದೆ.

ಕ್ಯಾಮೆರಾ ಎಂದಮೇಲೆ ಅದಕ್ಕೆ ಕಾಣಲು ಏನಾದರೂ ಇರಬೇಕು. ನಮ್ಮ ಫ್ಲಾಟಿನ ಊಟದ ಮೇಜು ಗಾಜಿನದು, ಮನೆಯ ಜೊತೆಗೇ ಬಂದದ್ದು. ಮೊದಲ ದಿನ ಅದರ ಮೇಲೆ ಮೌಸಿಟ್ಟರೆ ಬಾಣದ ಗುರುತು ಕುಡಿದವನ ಹಾಗೆ ಓಡಾಡಿತು. ಮಗ ಬಿಡಿಸಿದ್ದ ಯಕ್ಷಗಾನದ ವೇಷದ ಚಿತ್ರ ಕೆಳಗಿಟ್ಟೆ, ಸರಿಹೋಯಿತು. ಆಮೇಲೆ ಒಂದು ಬಟ್ಟೆಯ ಮೌಸ್ ಪ್ಯಾಡ್ ತಂದೆ. ಧೂಳು ಗಾಳಿ ಬೀಸಿದ ಮರುದಿನ ಎಷ್ಟೇ ಕಿಟಕಿ ಮುಚ್ಚಿದ್ದರೂ ಪ್ಯಾಡಿನ ಮೇಲೆ ನಯವಾದ ಮರಳು ಕೂತಿರುತ್ತದೆ, ಮೌಸಿನ ಕಾಲುಗಳು ಉಪ್ಪುಕಾಗದದ ಮೇಲೆ ಎಳೆದಂತೆ ಸದ್ದು ಮಾಡುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮತ್ತೆ ಬೆಣ್ಣೆ.

ಮೊದಲ ಪರೀಕ್ಷೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟೆ. ವೈರು ಕೆಳಗೆ ಜೋತುಬಿದ್ದರೆ ಅಂಕಿ ಏರುತ್ತದೆ, ಎತ್ತಿ ಹಿಡಿದರೆ ಇಳಿಯುತ್ತದೆ. ಮಗನೇ ವೈರನ್ನು ಸಡಿಲವಾಗಿ ಹಿಡಿದು ನಿಂತ, 92 ಗ್ರಾಮ್ ಬಂತು. ಆಫೀಸಿನ ಹಳೆಯದು 84. "ಇಲಿ ತೂಗಿದ ತಕ್ಕಡಿಯಲ್ಲಿ ನಾನು ಮೈದಾ ತೂಗೋದಿಲ್ಲ" ಎಂದು ಘೋಷಣೆ ಹೊರಟಿತು ಒಳಗಿನಿಂದ. ಗಣಪತಿಯ ವಾಹನ ಕಣೇ ಎಂದರೂ ಕೇಳಲಿಲ್ಲ. ತೂಕಕ್ಕಿಂತ ಹೆಚ್ಚಿನದು ಆಕಾರ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ನನ್ನ ಕೈ 19.2 ಸೆಂಟಿಮೀಟರ್. ಕೈಯ ಉದ್ದದ ಶೇಕಡಾ 60ರಷ್ಟು ಉದ್ದದ ಮೌಸು ಹೊಂದುತ್ತದೆ ಎಂದು ಆಟಗಾರರಲ್ಲಿ ಒಂದು ಅಂದಾಜು ಚಾಲ್ತಿಯಲ್ಲಿದೆ. ಹಾಗಾದರೆ ನನಗೆ ಹನ್ನೊಂದೂವರೆ ಬೇಕು. ಆಫೀಸಿನದು ಹತ್ತೇ ಇತ್ತು. ದಿನವಿಡೀ ಬೆರಳನ್ನು ಏಡಿಯ ಕಾಲಿನಂತೆ ಮಡಚಿಕೊಂಡೇ ಕೂರುತ್ತಿದ್ದೆ ಎಂದು ಆಗ ಗಮನಕ್ಕೆ ಬಂತು. ಗೇಮಿಂಗ್ ಮೌಸು 12.6, ನಡು ಉಬ್ಬಿದೆ, ಹೆಬ್ಬೆರಳಿಗೆ ಪಕ್ಕದಲ್ಲಿ ಗುಳಿ ಇದೆ. ಅಂಗೈ ಪೂರ್ತಿ ಅದರ ಮೇಲೆ ಮಲಗುತ್ತದೆ. ಆದರೆ ಮಗನ ಕೈ ಹದಿನೈದೂವರೆ ಸೆಂಟಿಮೀಟರ್. ಅವನ ಲೆಕ್ಕಕ್ಕೆ ಒಂಬತ್ತು ಚಿಲ್ಲರೆ ಸಾಕು. ಹುಟ್ಟುಹಬ್ಬಕ್ಕೆ ನಾನು ಕೊಟ್ಟಿದ್ದು ಅವನ ಕೈಗೆ ಲಾರಿ. ಅವನು ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ: ಗುಂಡಿ ಎಟುಕದೆ ಮಣಿಕಟ್ಟನ್ನೇ ಮೇಲೆತ್ತಿ ಒತ್ತುತ್ತಿದ್ದ. ನನಗೆ ನೋಯುವ ಜಾಗವೇ ಅದು. ನಿಜ ಹೇಳಬೇಕೆಂದರೆ ಆ ರಾತ್ರಿ ನನ್ನ ಕೈನೋವಿಗಿಂತ ಆ ಪುಟ್ಟ ಮಣಿಕಟ್ಟಿನದೇ ಯೋಚನೆ ಹೆಚ್ಚಾಯಿತು.

ಇನ್ನು ನಿಖರತೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು ಡಿಪಿಐ. ಮೌಸು ಒಂದು ಅಂಗುಲ ಸರಿದರೆ ಬಾಣ ಎಷ್ಟು ಪಿಕ್ಸೆಲ್ ಸರಿಯುತ್ತದೆ ಎಂಬ ಲೆಕ್ಕ. ಇತ್ತೀಚಿನ ಕೆಲವು ಮೌಸುಗಳ ಮೇಲೆ 25600 ಎಂದು ಬರೆದಿರುತ್ತದೆ. ಸ್ವಲ್ಪ ಲೆಕ್ಕ ಹಾಕಿ: 1920 ಪಿಕ್ಸೆಲ್ ಅಗಲದ ಪರದೆಯನ್ನು 25600ರಲ್ಲಿ ದಾಟಲು ಎರಡು ಮಿಲಿಮೀಟರಿಗಿಂತ ಕಡಿಮೆ ಸಾಕು, ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ಅಗಲ. ಅಷ್ಟರಲ್ಲಿ ಯಾರಿಗೆ ಏನು ಮಾಡಲು ಸಾಧ್ಯ? ಪಂದ್ಯಗಳಲ್ಲಿ ಆಡುವ ನುರಿತ ಆಟಗಾರರು ಅನೇಕರು ಇಟ್ಟುಕೊಳ್ಳುವುದು 400 ಅಥವಾ 800. 800ರಲ್ಲಿ ಅದೇ ಪರದೆ ದಾಟಲು ಆರು ಸೆಂಟಿಮೀಟರ್ ಬೇಕು, ಆಗ ಮಣಿಕಟ್ಟು ಬಿಟ್ಟು ತೋಳು ಚಲಿಸುತ್ತದೆ. ಡಾಕ್ಟರು ಹೇಳಿದ್ದೂ ಅದನ್ನೇ! ನಾನು ಇಷ್ಟು ವರ್ಷ ಬಾಣ ಬೇಗ ಓಡಲಿ ಎಂದು ವೇಗ ಏರಿಸಿಟ್ಟು, ಬೆರಳ ತುದಿಯಲ್ಲಿ ನಡುಗುತ್ತಾ ಪಿಕ್ಸೆಲ್ ಹುಡುಕುತ್ತಿದ್ದೆ.

ಡಬ್ಬಿಯ ಮೇಲಿನ ಮಾತು ನಿಜವೋ ಎಂದು ಹೀಗೆ ನೋಡಬಹುದು. ವಿಂಡೋಸ್‌ನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್' ಎಂಬ ಟಿಕ್ ತೆಗೆಯಿರಿ (ಹೆಸರು ನಿಖರತೆ ಎಂದಿದ್ದರೂ ಅದು ಕೈಯ ವೇಗ ನೋಡಿ ಬಾಣದ ಓಟ ಬದಲಿಸುತ್ತದೆ, ಅಳತೆ ಕೆಡುತ್ತದೆ), ವೇಗದ ಗೆರೆಯನ್ನು ನಡುಮಧ್ಯ ಇಡಿ. ಸ್ಕೇಲ್ ಪಕ್ಕದಲ್ಲಿಟ್ಟು ಮೌಸನ್ನು ಐದು ಸೆಂಟಿಮೀಟರ್ ಸರಿಸಿ, ಪೇಂಟ್ ಪ್ರೋಗ್ರಾಮಿನ ಕೆಳಗಿನ ಅಂಕಿ ನೋಡಿ. 800 ಎಂದರೆ 1575 ಬರಬೇಕು. ನನಗೆ ಹತ್ತು ಸಲದ ಸರಾಸರಿ 1620 ಬಂತು, ಅಂದರೆ ನಿಜಕ್ಕೆ 823. ಶೇಕಡಾ ಮೂರರ ವ್ಯತ್ಯಾಸ, ಪಾಸು. ಮೌಸು ಎತ್ತಿದಾಗ ಬಾಣ ಎಲ್ಲಿಯವರೆಗೆ ಅಲುಗುತ್ತದೆ ಎಂದು ನೋಡಲು ಮನೆಯಲ್ಲಿದ್ದ ರಾಜ್‌ಕುಮಾರ್ ಸಿನಿಮಾದ ಹಳೆಯ ವಿಸಿಡಿಗಳು ಬೇಕಾದವು. ಒಂದು ಡಿಸ್ಕಿನ ದಪ್ಪ 1.2 ಮಿಲಿಮೀಟರ್. ಎರಡು ಡಿಸ್ಕುಗಳ ನಡುವೆ ಸಂದು ಬಿಟ್ಟು, ಸೆನ್ಸರ್ ಆ ಸಂದಿನ ಮೇಲೆ ಬರುವಂತೆ ಇಟ್ಟು ಆಡಿಸಿದೆ. ಒಂದರ ಎತ್ತರದಲ್ಲಿ ಬಾಣ ಅಲುಗಿತು, ಎರಡೆರಡು ಇಟ್ಟಾಗ ನಿಂತಿತು. ಎತ್ತಿ ಇಡುವಾಗ ಪೈಪಿನ ತುದಿ ಜಾರಬಾರದು ಎನ್ನುವವನಿಗೆ ಇದು ಸಾಕು. ಸೆಕೆಂಡಿಗೆ ಸಾವಿರ ಸಲ ಕಂಪ್ಯೂಟರಿಗೆ ವರದಿ ಕೊಡುತ್ತದೆ, ಸಾಮಾನ್ಯ ಮೌಸು 125 ಸಲ ಎಂಬ ವ್ಯತ್ಯಾಸ ಮಾತ್ರ ನನ್ನ ಕೆಲಸದಲ್ಲಿ ಗೊತ್ತಾಗಲೇ ಇಲ್ಲ. ಮಗನಿಗೆ ಗೊತ್ತಾಗುತ್ತದಂತೆ.

ನಿಜವಾದ ಪರೀಕ್ಷೆಗೆ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಪರದೆಯಲ್ಲಿ ಅಲ್ಲಲ್ಲಿ ಚಿಕ್ಕ ವೃತ್ತ ಮೂಡುತ್ತದೆ, ಒತ್ತಬೇಕು, ನೂರು ಸಲ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ತಲುಪುವ ಸಮಯ ಹೆಚ್ಚುತ್ತದೆ ಎಂದು 1954ರಲ್ಲಿ ಪಾಲ್ ಫಿಟ್ಸ್ ಸೂತ್ರ ಕೊಟ್ಟರಲ್ಲ, ಅದರದೇ ಬಡವರ ಆವೃತ್ತಿ. ಹಳೆಯ ಮೌಸಿನಲ್ಲಿ ಬೆಳಿಗ್ಗೆ ತಪ್ಪಿದ್ದು 6, ಸಂಜೆ 14. ಹೊಸದರಲ್ಲಿ ಬೆಳಿಗ್ಗೆ 5, ಸಂಜೆ 7. ಸಮಯದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಂದರೆ ಮೌಸು ನನ್ನನ್ನು ಚುರುಕು ಮಾಡಲಿಲ್ಲ, ಸಂಜೆಯ ಸುಸ್ತನ್ನು ಕಡಿಮೆ ಮಾಡಿತು. ಖುಷಿಯಿಂದ ಹೆಂಡತಿಗೆ ಹೇಳಿದೆ. "ಕೂತಿರೋ ಕುರ್ಚಿಗೆ ದಿಂಬು ಹಾಕಿದ್ದೂ ಅವತ್ತೇ ಅಲ್ವಾ?" ಅಂದಳು. ಹೌದಲ್ಲ! ಪ್ಯಾಡೂ ಹೊಸದು, ಕುರ್ಚಿಯೂ ಎತ್ತರ. ಏಕಕಾಲಕ್ಕೆ ಮೂರನ್ನು ಬದಲಿಸಿ ಒಂದಕ್ಕೆ ಹೆಸರು ಕೊಟ್ಟಿದ್ದೆ. ಹಳೆಯ ಮೌಸನ್ನೇ ದಿಂಬು, ಪ್ಯಾಡ್ ಜೊತೆ ಮತ್ತೆ ಮೂರು ದಿನ ಬಳಸಿದೆ. ಸಂಜೆಯ ತಪ್ಪು 10. ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ದಿಂಬಿನದು, ಪ್ಯಾಡಿನದು; ಒಂಬತ್ತು ದಿನಾರಿನ ಮೌಸಿನದು ಉಳಿದರ್ಧ. ದಿಂಬು ಊರಿಂದ ತಂದದ್ದು, ಪುಕ್ಕಟೆ. ಮೊಣಕೈ ಮೇಜಿನ ಮಟ್ಟಕ್ಕೆ ಬಂದದ್ದೇ ಅದರ ಗುಟ್ಟು.

ದೂರುಗಳೂ ಇವೆ. ವೈರು ಗಡುಸು, ಮೇಜಿನ ಅಂಚಿಗೆ ಸಿಕ್ಕಿ ಎಳೆಯುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ಮಾನಿಟರಿನ ಕಾಲಿಗೆ ಸಿಕ್ಕಿಸಿ ವೈರನ್ನು ಅದರಲ್ಲಿ ಮೇಲೆ ಹಾಯಿಸಿದ ಮೇಲೆ ತೊಂದರೆ ಇಲ್ಲ. ಬಣ್ಣಬಣ್ಣದ ದೀಪ ರಾತ್ರಿ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಓಡುತ್ತಿತ್ತು, ಸಾಫ್ಟ್‌ವೇರಿನಲ್ಲಿ ಆರಿಸಿದೆ. ವೈರಿಲ್ಲದ್ದು ಯಾಕೆ ತಗೊಳ್ಳಲಿಲ್ಲ ಅಂತ ಕೆಲವರು ಕೇಳಿದರು. ಈಗಿನ ಒಳ್ಳೆಯ ವೈರ್‌ಲೆಸ್ ಮೌಸುಗಳು ನಿಖರತೆಯಲ್ಲಿ ಕಡಿಮೆಯೇನಲ್ಲ. ಆದರೆ ಬೆಲೆ ಜಾಸ್ತಿ, ಚಾರ್ಜ್ ಮಾಡುವ ಇನ್ನೊಂದು ವಸ್ತು ನಮ್ಮ ಮನೆಗೆ ಬೇಡ.

ಎರಡು ವಾರ ಮುಗಿಯಿತು. ನೋವು ಪೂರ್ತಿ ಹೋಗಿಲ್ಲ, ಮೊಣಕೈ ದಾಟುವುದು ನಿಂತಿದೆ. ಡಾಕ್ಟರು ಇನ್ನೊಂದು ತಿಂಗಳು ಕೊಟ್ಟಿದ್ದಾರೆ. ಪ್ರತಿ ನಲವತ್ತು ನಿಮಿಷಕ್ಕೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ಕುಂದಾಪುರದ ಹಿರಿಯರಿಗೆ ಫೋನ್ ಮಾಡಿ ಎಲ್ಲ ಅಂಕಿ ಅಂಶ ಒಪ್ಪಿಸಿದೆ. ತಾಳ್ಮೆಯಿಂದ ಕೇಳಿ, "ರಾತ್ರಿ ಬೆರಳ್ ಜೋಮ್ ಹಿಡಿತ್ತಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಇಲ್ಲ ಅಂದೆ. "ಹಿಡ್ದ್ರೆ ಒಂದ್ ದಿನೂ ತಡಿಬೇಡ" ಅಂದರು.

ಕೆಂಪು ಸುತ್ತಿನ ದಿನ ಮಗ ಕೈ ಚಾಚಿ ನಿಂತ. ಅವನನ್ನೇ ಕರೆದುಕೊಂಡು ಮತ್ತೆ ಹವಲ್ಲಿಗೆ ಹೋದೆ. ಈ ಸಲ ಸ್ಕೇಲ್ ಜೇಬಿನಲ್ಲಿತ್ತು. ಡಬ್ಬಿ ತೆರೆಯಲು ಒಪ್ಪದ ಎರಡು ಅಂಗಡಿ ಬಿಟ್ಟು ಮೂರನೆಯದರಲ್ಲಿ ಅವನು ಏಳು ಮೌಸು ಹಿಡಿದು ನೋಡಿ, ಚಿಕ್ಕ, ಹಗುರದ, ದೀಪವೇ ಇಲ್ಲದ ಒಂದನ್ನು ಆರಿಸಿದ. ದೊಡ್ಡದು ನನ್ನ ಪಾಲಿಗೆ ಬಂತು.

ಕೈನೋವಿರುವ ಕೂಟದ ಬಂಧುಗಳು ತಮ್ಮ ಮೌಸು ಹಿಡಿದುಕೊಂಡು ನಮ್ಮ ಮನೆಗೆ ಬರಬಹುದು. ಸ್ಕೇಲ್, ವಿಸಿಡಿ, ವೃತ್ತದ ಪ್ರೋಗ್ರಾಮ್ ಎಲ್ಲ ಸಿದ್ಧವಿದೆ. ಸಂಪಾದಕರ ಬಳಿ ನನ್ನ ನಂಬರ್ ಉಂಟು. ಶುಕ್ರವಾರ ಬೆಳಿಗ್ಗೆ ಬಂದರೆ ದೋಸೆಯೂ ಸಿಗುತ್ತದೆ. ಸದ್ಯ ಎಡಗೈಯಲ್ಲಿ ಮಗುಚುತ್ತಿದ್ದೇನೆ, ಆಕಾರದ ಬಗ್ಗೆ ಯಾರೂ ಮಾತಾಡಬಾರದು.