ದೇವರು ದಯಾಮಯನಾದರೆ ದುಃಖವೇಕೆ? ಉತ್ತರ ಅರಸಿದ ಕ್ರೈಸ್ತ ಚಿಂತಕರು

ಅದು 1755ರ ನವೆಂಬರ್ 1. ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನ ಚರ್ಚುಗಳು ಬೆಳಗಿನ ಪೂಜೆಗೆ ಬಂದ ಭಕ್ತರಿಂದ ತುಂಬಿದ್ದವು. ಆಗ ಭೂಮಿ ನಡುಗಿತು. ಪ್ರಾರ್ಥಿಸುತ್ತಿದ್ದವರ ಮೇಲೆಯೇ ಚರ್ಚುಗಳು ಕುಸಿದವು. ಹಿಂದೆಯೇ ಸಮುದ್ರ ಉಕ್ಕಿ ಬಂತು. ಬಳಿಕ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ.

ದೇವರನ್ನು ಸ್ಮರಿಸುತ್ತಿದ್ದವರನ್ನೇ ದೇವರು ಏಕೆ ಕಾಪಾಡಲಿಲ್ಲ? ಪ್ರಶ್ನೆ ಹೊಸದೇನಲ್ಲ. ಆದರೆ ಲಿಸ್ಬನ್ ದುರಂತದ ನಂತರ ಯುರೋಪಿನ ಚಿಂತಕರು ಇದನ್ನು ಹಗುರವಾಗಿ ಪಕ್ಕಕ್ಕೆ ಸರಿಸುವುದು ಸಾಧ್ಯವಾಗಲಿಲ್ಲ.

ಕ್ಷಮೆಯಲ್ಲ, ಸಮರ್ಥನೆ

ನಂಬಿಕೆಯ ವಿರುದ್ಧದ ಆಕ್ಷೇಪಗಳಿಗೆ ತರ್ಕದ ನೆಲೆಯಲ್ಲಿ ಉತ್ತರ ಕೊಡುವ ಕ್ರೈಸ್ತ ಅಧ್ಯಯನ ಶಾಖೆಗೆ ‘ಅಪಾಲಜೆಟಿಕ್ಸ್’ ಎಂದು ಹೆಸರು. ಕ್ಷಮೆಯಾಚನೆ ಎಂಬರ್ಥದ ಇಂಗ್ಲಿಷ್ ಪದವನ್ನು ಇದು ನೆನಪಿಸಿದರೂ ಅರ್ಥ ಬೇರೆ. ನ್ಯಾಯಾಲಯದಲ್ಲಿ ಆರೋಪಿ ತನ್ನ ಪರವಾಗಿ ಮಂಡಿಸುವ ವಾದಕ್ಕೆ ಗ್ರೀಕ್ ಭಾಷೆಯಲ್ಲಿ ‘ಅಪೊಲೊಗಿಯ’ ಎನ್ನುತ್ತಿದ್ದರು. ಇಲ್ಲಿ ಕಟಕಟೆಯಲ್ಲಿ ನಿಂತಿರುವುದು ಸ್ವತಃ ದೇವರು!

ಜರ್ಮನಿಯ ದಾರ್ಶನಿಕ ಲೈಬ್ನಿಟ್ಸ್ 1710ರಲ್ಲಿಯೇ ಈ ವಕಾಲತ್ತು ವಹಿಸಿದ್ದರು. ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವಾದುದು. ಇಲ್ಲಿನ ಕೇಡುಗಳು ಒಟ್ಟಾರೆ ಒಳಿತಿನ ಭಾಗ ಎಂಬುದು ಅವರ ವಾದ. ಲಿಸ್ಬನ್‌ನ ಅವಶೇಷಗಳ ಎದುರು ಈ ಮಾತು ಫ್ರಾನ್ಸಿನ ವಾಲ್ಟೇರ್‌ಗೆ ಕ್ರೂರವಾಗಿ ಕೇಳಿಸಿತು. 1759ರ ‘ಕಾಂಡೀಡ್’ ಕೃತಿಯಲ್ಲಿ ಅವರು ಈ ಆಶಾವಾದವನ್ನು ನಗೆಪಾಟಲು ಮಾಡಿದರು. ಆದರೆ ರೂಸೋ ಒಪ್ಪಲಿಲ್ಲ. ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದವರು ಮನುಷ್ಯರೇ ಹೊರತು ಪ್ರಕೃತಿಯಲ್ಲ ಎಂದು 1756ರಲ್ಲಿ ವಾಲ್ಟೇರ್‌ಗೆ ಪತ್ರ ಬರೆದರು.

ಇದೇ ವೇಳೆ ಮಲಗ್ರಿಡಾ ಎಂಬ ಜೆಸ್ಯೂಟ್ ಪಾದ್ರಿ, ಭೂಕಂಪವು ಜನರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಕಿರುಹೊತ್ತಿಗೆ ಪ್ರಕಟಿಸಿದರು. ನೊಂದವರ ಮೇಲೆಯೇ ತಪ್ಪು ಹೊರಿಸುವ ಈ ವಿವರಣೆ ಪ್ರತಿ ದುರಂತದ ನಂತರವೂ ಯಾವುದಾದರೊಂದು ಧರ್ಮದ ಹೆಸರಿನಲ್ಲಿ ತಲೆಯೆತ್ತುತ್ತದೆ. ಪ್ರಶ್ನೆ ಕೇವಲ ಪಂಡಿತರದ್ದಲ್ಲ ಎನ್ನುವುದಕ್ಕೆ ಇದೇ ಕಾರಣ.

ಮೂರು ಮಾತುಗಳ ಬಿಕ್ಕಟ್ಟು

ಆಧುನಿಕ ಚರ್ಚೆಗೆ ಚಾಲನೆ ಕೊಟ್ಟವರು ಆಸ್ಟ್ರೇಲಿಯಾ ಮೂಲದ ನಿರೀಶ್ವರವಾದಿ ಜೆ.ಎಲ್. ಮ್ಯಾಕಿ. ‘ಮೈಂಡ್’ ಪತ್ರಿಕೆಯಲ್ಲಿ 1955ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಮೂರು ಹೇಳಿಕೆಗಳನ್ನು ಮುಂದಿಟ್ಟರು: ದೇವರು ಸರ್ವಶಕ್ತ, ದೇವರು ಸಂಪೂರ್ಣ ಒಳ್ಳೆಯವನು, ಆದರೂ ಕೇಡು ಇದೆ. ಇವುಗಳಲ್ಲಿ ಯಾವ ಎರಡನ್ನು ಒಪ್ಪಿದರೂ ಮೂರನೆಯದು ಸುಳ್ಳಾಗಲೇಬೇಕು. ಆದ್ದರಿಂದ ಆಸ್ತಿಕರ ನಿಲುವು ಸಾಕ್ಷ್ಯವಿಲ್ಲದ್ದು ಮಾತ್ರವಲ್ಲ, ಸ್ವವಿರೋಧಿಯೂ ಹೌದು ಎಂದರು.

ಅಮೆರಿಕದ ಕ್ರೈಸ್ತ ದಾರ್ಶನಿಕ ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಇದಕ್ಕೆ ವಿಸ್ತೃತ ಉತ್ತರ ನೀಡಿದರು. ಸರ್ವಶಕ್ತನೂ ಚೌಕವಾದ ವೃತ್ತವನ್ನು ರಚಿಸಲಾರ. ಏಕೆಂದರೆ ಆ ಮಾತಿಗೇ ಅರ್ಥವಿಲ್ಲ. ಅಂತೆಯೇ ಮನುಷ್ಯನಿಗೆ ನಿಜವಾದ ಸ್ವಾತಂತ್ರ್ಯ ಕೊಟ್ಟು, ಅವನು ಒಳ್ಳೆಯದನ್ನೇ ಮಾಡುವಂತೆ ಕಟ್ಟಿಹಾಕುವುದೂ ಅಸಂಗತ. ಸ್ವಾತಂತ್ರ್ಯ ಬೇಕೆಂದರೆ ಅದರ ದುರ್ಬಳಕೆಯ ಸಾಧ್ಯತೆಯೂ ಜೊತೆಗೇ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದೇವರು ಕೇಡನ್ನು ಏಕೆ ಬಿಟ್ಟಿದ್ದಾನೆಂಬುದು ತಮಗೆ ಗೊತ್ತು ಎಂದು ಪ್ಲಾಂಟಿಂಗ ಹೇಳಲಿಲ್ಲ. ದೇವರು ಮತ್ತು ಕೇಡು ಎರಡೂ ಇರುವುದು ತಾರ್ಕಿಕವಾಗಿ ಅಸಾಧ್ಯವಲ್ಲ ಎಂದಷ್ಟೇ ತೋರಿಸಿದರು. ಈ ಸೀಮಿತ ಗುರಿಯನ್ನು ಅವರು ಮುಟ್ಟಿದರೆಂದು ನಿರೀಶ್ವರವಾದಿಗಳಲ್ಲಿಯೂ ಹಲವರು ಒಪ್ಪಿದರು.

ಕಾಡಿನ ಜಿಂಕೆಮರಿ

ಆದರೆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ವಿಲಿಯಂ ರೋ 1979ರಲ್ಲಿ ಬೇರೊಂದು ಚಿತ್ರವನ್ನು ಮುಂದಿಟ್ಟರು. ದೂರದ ಕಾಡಿಗೆ ಸಿಡಿಲು ಬಡಿದು ಬೆಂಕಿ ಹತ್ತುತ್ತದೆ. ಸಿಕ್ಕಿಕೊಂಡ ಜಿಂಕೆಮರಿಯೊಂದು ಸುಟ್ಟ ಗಾಯಗಳಿಂದ ದಿನಗಟ್ಟಲೆ ನರಳಿ ಸಾಯುತ್ತದೆ. ನೋಡಿದವರಿಲ್ಲ, ಪಾಠ ಕಲಿತವರಿಲ್ಲ, ಯಾರ ಸ್ವಾತಂತ್ರ್ಯದ ಪ್ರಶ್ನೆಯೂ ಇಲ್ಲ. ಇಂಥ ನರಳಿಕೆ ದೇವರಿಲ್ಲವೆಂದು ಸಾಧಿಸದಿದ್ದರೂ, ಇಲ್ಲವೆಂದು ನಂಬಲು ಸಕಾರಣ ಕೊಡುತ್ತದೆ ಎಂದು ರೋ ವಾದಿಸಿದರು.

ನಮಗೆ ಕಾರಣ ಕಾಣದಿದ್ದ ಮಾತ್ರಕ್ಕೆ ಕಾರಣವೇ ಇಲ್ಲವೆನ್ನಲಾಗದು ಎಂಬುದು ಆಸ್ತಿಕರ ಮರುತ್ತರ. ಬ್ರಿಟನ್ನಿನ ಜಾನ್ ಹಿಕ್ ಅದಕ್ಕೂ ಮೊದಲೇ, 1966ರಲ್ಲಿ, ಲೋಕವು ಸುಖದ ಬೀಡಲ್ಲ, ಆತ್ಮಗಳು ಕಷ್ಟದಲ್ಲಿ ಮಾಗುವ ತಾಣ ಎಂಬ ವಿವರಣೆ ನೀಡಿದ್ದರು.

ಭಾರತೀಯ ಓದುಗರಿಗೆ ಕರ್ಮಸಿದ್ಧಾಂತ ನೆನಪಾಗುವುದು ಸಹಜ. ದೇವರಿಗೆ ಪಕ್ಷಪಾತ ಮತ್ತು ನಿರ್ದಯತೆಯ ದೋಷ ಬರುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೇ ಅಧ್ಯಾಯವೂ ಎತ್ತಿಕೊಂಡು, ಜೀವಿಗಳ ಕರ್ಮವನ್ನು ಮುಂದಿಟ್ಟು ಉತ್ತರಿಸುತ್ತದೆ. ಪುನರ್ಜನ್ಮವನ್ನು ಒಪ್ಪದ ಕ್ರೈಸ್ತ ಚಿಂತನೆಗೆ ಈ ದಾರಿ ತೆರೆದಿಲ್ಲ.

ಲೂಯಿಸ್ ಬರೆದ ಎರಡು ಪುಸ್ತಕ

ವಾದಕ್ಕೂ ಬದುಕಿಗೂ ಇರುವ ಅಂತರವನ್ನು ಸಿ.ಎಸ್. ಲೂಯಿಸ್ ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ. ನಿರೀಶ್ವರವಾದಿಯಾಗಿದ್ದು ಬಳಿಕ ಕ್ರೈಸ್ತರಾದ ಅವರು, 20ನೇ ಶತಮಾನದ ಅತ್ಯಂತ ಜನಪ್ರಿಯ ಸಮರ್ಥಕರಲ್ಲಿ ಒಬ್ಬರು. ನೋವಿಗೂ ಒಂದು ಉದ್ದೇಶವಿದೆ ಎಂದು 1940ರ ‘ದಿ ಪ್ರಾಬ್ಲಂ ಆಫ್ ಪೇನ್’ ಕೃತಿಯಲ್ಲಿ ಅಚ್ಚುಕಟ್ಟಾಗಿ ವಾದಿಸಿದ್ದರು.

ಇಪ್ಪತ್ತು ವರ್ಷಗಳ ನಂತರ, 1960ರ ಜುಲೈನಲ್ಲಿ, ಅವರ ಪತ್ನಿ ಜಾಯ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದಿನಗಳಲ್ಲಿ ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡದ್ದನ್ನು 1961ರಲ್ಲಿ ‘ಎ ಗ್ರೀಫ್ ಅಬ್ಸರ್ವ್ಡ್’ ಎಂದು ಪ್ರಕಟಿಸಿದರು, ಅದೂ ಎನ್.ಡಬ್ಲ್ಯು. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ. ಅದರಲ್ಲಿ ಅಚ್ಚುಕಟ್ಟಿನ ವಾದವಿಲ್ಲ. ಸಿಟ್ಟಿದೆ, ಸಂಶಯವಿದೆ, ದೇವರ ಮೌನದ ಬಗ್ಗೆ ದೂರಿದೆ. ದೇವರಿಲ್ಲವೇನೋ ಎಂಬುದಕ್ಕಿಂತ ದೇವರು ನಿರ್ದಯಿಯೇನೋ ಎಂಬ ಭಯವೇ ಅವರನ್ನು ಹೆಚ್ಚು ಕಾಡಿತು. ಅವರು ನಂಬಿಕೆಯನ್ನು ತೊರೆಯಲಿಲ್ಲ. ಆದರೆ ಹಳೆಯ ಉತ್ತರಗಳನ್ನು ದುಃಖಿತನೊಬ್ಬನಿಗೆ ಒಪ್ಪಿಸುವ ಧೈರ್ಯ ಆ ಪುಸ್ತಕದಲ್ಲಿ ಕಾಣುವುದಿಲ್ಲ.

ಬೈಬಲಿನ ಯೋಬನ ಗ್ರಂಥವೂ ಇದನ್ನೇ ಸೂಚಿಸುತ್ತದೆ. ಸರ್ವಸ್ವವನ್ನೂ ಕಳೆದುಕೊಂಡ ಯೋಬನ ಬಳಿ ಬಂದ ಮೂವರು ಗೆಳೆಯರು ಏಳು ದಿನ ಮೌನವಾಗಿ ಕೂತಿದ್ದರು. ನಂತರ ಬಾಯಿ ತೆರೆದು, ನೀನು ಪಾಪ ಮಾಡಿರಬೇಕು ಎಂದು ದೇವರ ಪರ ವಾದಿಸತೊಡಗಿದರು. ಕೊನೆಯಲ್ಲಿ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ.

ತರ್ಕಕ್ಕೆ ಅದರದೇ ಕೆಲಸವಿದೆ. ನಂಬುವವನು ಮೂಢನಲ್ಲ, ಪ್ರಶ್ನಿಸುವವನು ದುಷ್ಟನಲ್ಲ ಎಂಬುದನ್ನು ಮ್ಯಾಕಿ, ಪ್ಲಾಂಟಿಂಗ, ರೋ ಅವರ ವಾದಗಳು ತೋರಿಸಿಕೊಟ್ಟಿವೆ. ಆದರೆ ಸಾವಿನ ಮನೆಗೆ ಹೋದವರು ಮೊದಲು ಮಾಡಬೇಕಾದದ್ದು ಯೋಬನ ಗೆಳೆಯರು ಆ ಏಳು ದಿನ ಮಾಡಿದ ಕೆಲಸವನ್ನೇ.